ಲಕ್ಷದ ಕ್ಯಾಮರಾಕ್ಕೆ ಎಂಥ ಚೀಲ?

“ಒಂದು ಚೀಲಕ್ಕೆ ಎಂಟು ಸಾವಿರವಾ? ಅದರೊಟ್ಟಿಗೆ ಕ್ಯಾಮರಾನೂ ಕೊಡ್ತಾರಾ?”

ಕಳೆದ ಮಳೆಗಾಲದಲ್ಲಿ ಭದ್ರಾವತಿಯ ನಮ್ಮ ಬಂಧುಗಳ ಮನೆಯಲ್ಲಿ ಉಮ್ಮ ಮಗನಿಗೆ ಕೇಳಿದ ಪ್ರಶ್ನೆ ಇದು. ನಾವು ಚಹಾ ಕುಡಿಯುತ್ತ ಪಕ್ಕದಲ್ಲೇ ಕೂತಿದ್ದೆವು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಮನೆಗಳಲ್ಲಿ ಚೀಲ ಎಂದರೆ ಜೂನ್ ತಿಂಗಳಿಗೆ ಮೊದಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಚೌಕಾಸಿ ಮಾಡಿ ತರುವ ಶಾಲೆಯ ಬ್ಯಾಗು. ಒಂದು ವರ್ಷ ಬಂದರೆ ಸಾಕು, ಎರಡು ವರ್ಷ ಬಂದರೆ ಲಾಭ. ಆದರೆ ಆ ಹುಡುಗ ಮದುವೆ ಫೋಟೋಗ್ರಾಫರ್. ಅವನ ಬೆನ್ನ ಮೇಲೆ ಹೋಗುವ ಸಾಮಾನಿನ ಬೆಲೆ ಮೂರು ಲಕ್ಷಕ್ಕೂ ಮೇಲೆ, ಅದರಲ್ಲಿ ಅರ್ಧ ಇನ್ನೂ ಸಾಲ. ಉಮ್ಮನ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ಹಿಂದಿನ ವಾರ ನಡೆದದ್ದನ್ನು ಅವನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ ಎಂದು ನಮಗೆ ಆಮೇಲೆ ಗೊತ್ತಾಯಿತು.

ತೀರ್ಥಹಳ್ಳಿ ಕಡೆಯ ಒಂದು ಮದುವೆ. ಗಂಡಸರ ಕಡೆಯ ನಿಕಾಹ್, ಊಟ ಎಲ್ಲ ಇವನ ಕೆಲಸ. ಹೆಂಗಸರ ಕಡೆಯದ್ದು ಅವನ ತಂಗಿಯ ಕೆಲಸ. ಅವಳೂ ಎರಡು ವರ್ಷದಿಂದ ಕ್ಯಾಮರಾ ಹಿಡಿದಿದ್ದಾಳೆ. ಹಿಂದಿನ ರಾತ್ರಿಯ ಮೈಲಾಂಜಿಯ ಚಿತ್ರಗಳನ್ನು ಅವಳು ಲ್ಯಾಪ್‌ಟಾಪಿಗೆ ಇಳಿಸಿ, ಮರುದಿನಕ್ಕೆ ಬೇಕೆಂದು ಕಾರ್ಡ್ ಖಾಲಿ ಮಾಡಿದ್ದಳು. ಮದುವೆ ಮುಗಿದ ಮೇಲೆ ತಂಗಿ ಸಂಬಂಧಿಕರ ಕಾರಿನಲ್ಲಿ ಬಂದಳು. ಇವನು ಬೈಕಿನಲ್ಲಿ, ಬೆನ್ನಿಗೆ ಬ್ಯಾಗು, ಬ್ಯಾಗಿಗೆ ರೈನ್ ಕವರ್. ಮಂಡಗದ್ದೆ ದಾಟುವಾಗ ಹಿಡಿದ ಮಳೆ ಶಿವಮೊಗ್ಗದವರೆಗೂ ಬಿಡಲಿಲ್ಲ. ಭದ್ರಾವತಿಗೆ ಬಂದು ಬ್ಯಾಗು ತೆರೆದರೆ ಕ್ಯಾಮರಾ ಒಣಗಿಯೇ ಉಂಟು, ಲ್ಯಾಪ್‌ಟಾಪ್ ಇರುವ ಅರೆಯಲ್ಲಿ ಮಾತ್ರ ನೀರು. ಆನ್ ಆಗಲಿಲ್ಲ.

ಹಾಳಾದದ್ದು ಬರೇ ಯಂತ್ರ ಆಗಿದ್ದರೆ ದುಡ್ಡಿನ ಮಾತು. ಅದರೊಳಗೆ ಇದ್ದದ್ದು ಬೇರೆಯವರ ಮನೆಯ ಹೆಣ್ಣುಮಕ್ಕಳ ಚಿತ್ರಗಳು. “ಹೆಣ್ಣು ಫೋಟೋಗ್ರಾಫರ್ ಇದ್ದರೆ ಮಾತ್ರ” ಎಂದು ಷರತ್ತು ಹಾಕಿ, ನಂಬಿ ಕೊಟ್ಟ ಅಮಾನತ್. ರಿಪೇರಿಯವನ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಬರುವ ಹಾಗಿಲ್ಲ. ಹುಡುಗ ಅಂಗಡಿಯಲ್ಲೇ ನಿಂತು, ಡ್ರೈವ್ ಬಿಚ್ಚಿಸಿ, ಕೈಯಲ್ಲಿ ಹಿಡಿದುಕೊಂಡು ಬಂದ. ಪುಣ್ಯಕ್ಕೆ ಅದು ಬಿಚ್ಚಲು ಬರುವ ಮಾದರಿ. ಈಗಿನ ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ. ಚಿತ್ರಗಳು ಸಿಕ್ಕಿದವು, ಅಲ್‌ಹಮ್ದುಲಿಲ್ಲಾಹ್. ಆದರೆ ಅಲ್ಲಿವರೆಗಿನ ನಾಲ್ಕು ದಿನ ಅಣ್ಣ-ತಂಗಿ ಇಬ್ಬರೂ ನಿದ್ದೆ ಮಾಡಿಲ್ಲ.

ಇದು ಒಬ್ಬನ ಕಥೆ ಮಾತ್ರ ಅಲ್ಲ ಎಂದು ನಮಗೆ ಅನಿಸುತ್ತದೆ. ಮಳೆಗಾಲದಲ್ಲಿ ಮದುವೆ ಕೆಲಸ ಕಡಿಮೆ, ಚೀಲದ ಚಿಂತೆ ಬೇಡ ಎನ್ನುವ ಮಾತು ನಮ್ಮವರಿಗೆ ಹೊಂದುವುದಿಲ್ಲ. ಗಲ್ಫಿನ ಶಾಲೆಗಳಿಗೆ ರಜೆ ಇರುವುದು ಜುಲೈ-ಆಗಸ್ಟಿನಲ್ಲಿ. ಮಕ್ಕಳೊಂದಿಗೆ ಊರಿಗೆ ಬರುವವರು ಬರುವುದೂ ಆಗಲೇ, ಅವರಿಗಾಗಿ ಕಾದ ಮದುವೆಗಳು ನಡೆಯುವುದೂ ಆಗಲೇ. ಇನ್ನು ಹಿಜ್ರಿ ತಿಂಗಳುಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತವೆ. 2016ರಲ್ಲಿ ಪೆರ್ನಾಲ್ ಜುಲೈ ಮೊದಲ ವಾರದಲ್ಲಿ ಬಂದಿತ್ತು, ಶವ್ವಾಲಿನ ಮದುವೆಗಳೆಲ್ಲ ಜಡಿಮಳೆಯಲ್ಲಿ ಆದವು. ಅದರ ಮೇಲೆ ಶಿವಮೊಗ್ಗ, ಭದ್ರಾವತಿಯ ನಮ್ಮ ಸಂಬಂಧಗಳೆಲ್ಲ ಘಟ್ಟದ ಕೆಳಗೆ: ಉಡುಪಿ, ಮಂಗಳೂರು, ಕುಂದಾಪುರ. ಹೋಗುವ ದಾರಿ ಒಂದೋ ಆಗುಂಬೆ, ಇಲ್ಲವೇ ಹುಲಿಕಲ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನವರಿಗೆ ಹೊಂದುವ ಬ್ಯಾಗು ನಮಗೆ ಹೊಂದಲೇಬೇಕು ಎಂದಿಲ್ಲ.

ರೈನ್ ಕವರ್ ಹಾಕಿದ್ದ, ಮತ್ತೆ ನೀರು ಹೊಕ್ಕಿದ್ದು ಎಲ್ಲಿಂದ? ಬೆನ್ನಿನ ಕಡೆಯಿಂದ. ರೈನ್ ಕವರ್ ಬ್ಯಾಗಿನ ಮುಂದು, ಬದಿ, ತಲೆ ಮುಚ್ಚುತ್ತದೆ. ಬೆನ್ನಿಗೆ ತಾಗುವ ಭಾಗವನ್ನು ಮುಚ್ಚುವ ಹಾಗಿಲ್ಲ, ಅಲ್ಲಿ ಪಟ್ಟಿಗಳಿವೆ. ಹೆಲ್ಮೆಟ್ಟಿನಿಂದ ಇಳಿದ ನೀರು ಕುತ್ತಿಗೆಯ ಹಿಂದೆ ಹರಿದು, ಬೆನ್ನು ಮತ್ತು ಬ್ಯಾಗಿನ ನಡುವೆ ಇಳಿಯುತ್ತದೆ. ಅಲ್ಲಿರುವ ಸ್ಪಂಜು ಕುಡಿಯುತ್ತದೆ. ಹೆಚ್ಚಿನ ಬ್ಯಾಗುಗಳಲ್ಲಿ ಲ್ಯಾಪ್‌ಟಾಪಿನ ಅರೆ ಇರುವುದೂ ಸರಿಯಾಗಿ ಅಲ್ಲೇ, ಸ್ಪಂಜಿನ ಹಿಂದೆ. ಹಾಗಾಗಿ ಮೊದಲು ಒದ್ದೆಯಾಗುವುದು ಲ್ಯಾಪ್‌ಟಾಪ್. ಗದ್ದೆಯಲ್ಲಿ ನೆಟ್ಟಿಗೆ ಬಾಗಿದವರ ಗೊರಬು ನೆನಪಿಸಿಕೊಳ್ಳಿ. ಅದು ತಲೆಯಿಂದ ಶುರುವಾಗಿ ಬೆನ್ನು ದಾಟಿ ಕೆಳಗೆ ಬರುತ್ತದೆ, ನಡುವೆ ಸಂದು ಇಲ್ಲ. ಬೈಕಿನವರಿಗೂ ಬೇಕಾದದ್ದು ಅದೇ ಕ್ರಮ: ಬ್ಯಾಗು ಹಾಕಿಕೊಂಡು ಅದರ ಮೇಲೆ ಅಗಲದ ಪೊಂಚೋ ಮಾದರಿಯ ಮಳೆಕೋಟು, ಗಾಳಿಗೆ ಹಾರದಂತೆ ಕಟ್ಟಿ. ರೈನ್ ಕವರ್ ಅದರ ಒಳಗೆ ಎರಡನೇ ರಕ್ಷಣೆ. ಮೂರನೆಯದು, ಲ್ಯಾಪ್‌ಟಾಪಿಗೆ ಅಂಟು ಬಾಯಿಯ ದಪ್ಪ ಪ್ಲಾಸ್ಟಿಕ್ ಕವರ್ ಅಥವಾ ರಾಫ್ಟಿಂಗಿನವರು ಬಳಸುವ, ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗು. ಖರ್ಚು ಹೆಚ್ಚಿಲ್ಲ, ಮರ್ಯಾದೆ ಉಳಿಸುತ್ತದೆ.

ಅಂಗಡಿಯವರು “ವಾಟರ್‌ಪ್ರೂಫ್” ಎಂದರೆ ಹೊಲಿಗೆ ನೋಡಿ. ಬಟ್ಟೆಗೆ ಒಳಗಿನಿಂದ ಲೇಪ ಇರಬಹುದು, ಆದರೆ ಸೂಜಿ ಹೋದಲ್ಲೆಲ್ಲ ತೂತು. ಹೊಲಿಗೆಯ ಮೇಲೆ ಒಳಗಡೆ ಟೇಪು ಅಂಟಿಸಿರದಿದ್ದರೆ, ಜಿಪ್ಪು ಸಾಮಾನ್ಯದ್ದಾದರೆ ಅದು ತುಂತುರು ತಡೆಯುತ್ತದೆ, ಅಷ್ಟೆ. ಆಷಾಢದ ಮಳೆ ತಡೆಯುವುದಿಲ್ಲ.

ಇನ್ನು ಭಾರ. ನಮ್ಮ ಹುಡುಗರು ಬ್ಯಾಗನ್ನು ಎಷ್ಟು ಅರೆ ಉಂಟು ಎಂದು ನೋಡಿ ಆರಿಸುತ್ತಾರೆ, ಎಷ್ಟು ಕಿಲೋ ಹೊರಬೇಕು ಎಂದು ನೋಡುವುದಿಲ್ಲ. ಒಂದು ಲೆಕ್ಕ ಹಾಕೋಣ. ಮದುವೆಯವರಲ್ಲಿ ಸಾಮಾನ್ಯವಾದ ಸೋನಿ ಎ7 ಫೋರ್ ಕ್ಯಾಮರಾ 658 ಗ್ರಾಂ. ಅದೇ ಕಂಪನಿಯ ಹೊಸ 24-70 ಲೆನ್ಸ್ 695 ಗ್ರಾಂ, 70-200 ಲೆನ್ಸ್ 1,045 ಗ್ರಾಂ. ಅಲ್ಲಿಗೇ ಎರಡು ಕಿಲೋ ನಾನೂರು. ಇನ್ನೊಂದು ಕ್ಯಾಮರಾ ಸೇರಿಸಿದರೆ ಮೂರು ದಾಟಿತು. ವಿಡಿಯೋ ಎಡಿಟಿಂಗಿಗೆ ತೆಗೆದುಕೊಳ್ಳುವ ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕಿಲೋ ಮೇಲೆ, ಅದರ ಇಟ್ಟಿಗೆಯಂಥ ಚಾರ್ಜರ್ ಅರ್ಧ ಕಿಲೋ ಮೇಲೆ. ಫ್ಲ್ಯಾಶ್, ಬ್ಯಾಟರಿ, ನೀರಿನ ಬಾಟ್ಲಿ. ಗಟ್ಟಿ ಬ್ಯಾಗೇ ಎರಡು ಕಿಲೋ ತೂಗುತ್ತದೆ. ಒಟ್ಟು ಒಂಬತ್ತು-ಹತ್ತು ಕಿಲೋ ಆಯ್ತು ಮಾರಾಯ್ರೆ! ಇದನ್ನು ಹೊತ್ತು ಬೆಳಗಿನಿಂದ ರಾತ್ರಿವರೆಗೆ ನಿಲ್ಲಬೇಕು.

ಘಟ್ಟ ಹತ್ತಿ ವ್ಯಾಪಾರಕ್ಕೆ ಬಂದ ನಮ್ಮ ಹಿರಿಯರಿಗೆ ಹೊರೆ ಕಟ್ಟುವುದು ಗೊತ್ತಿತ್ತು. ಭಾರದ್ದು ಮೈಗೆ ಹತ್ತಿರ, ಹಗುರದ್ದು ಹೊರಗೆ. ಬ್ಯಾಗಿಗೂ ಅದೇ ನಿಯಮ. ದೊಡ್ಡ ಲೆನ್ಸ್ ಬೆನ್ನಿಗೆ ಹತ್ತಿರ, ಬೆನ್ನಿನ ನಡುಭಾಗದ ಎತ್ತರಕ್ಕೆ ಬರಬೇಕು. ತಳದಲ್ಲಿ ಹಾಕಿದರೆ ಬ್ಯಾಗು ಹಿಂದಕ್ಕೆ ಎಳೆಯುತ್ತದೆ. ಸೊಂಟದ ಪಟ್ಟಿ ದಪ್ಪವಾಗಿ, ನಿಜವಾಗಿ ಸೊಂಟದ ಎಲುಬಿನ ಮೇಲೆ ಕೂರುವಂತಿದ್ದರೆ ಭುಜದ ಭಾರ ಎಷ್ಟೋ ಇಳಿಯುತ್ತದೆ. ತೆಳ್ಳಗಿನ ನಾಡದಂಥ ಪಟ್ಟಿ ಬ್ಯಾಗು ಅಲ್ಲಾಡದಂತೆ ಹಿಡಿಯುತ್ತದೆ, ಭಾರ ಹೊರುವುದಿಲ್ಲ.

ಹುಡುಗಿಯರ ವಿಷಯ ಬೇರೆಯಾಗಿ ಹೇಳಬೇಕು. ಹೆಂಗಸರ ಕಡೆಯ ಚಿತ್ರಕ್ಕೆ ಹುಡುಗಿಯರೇ ಬೇಕು ಎನ್ನುವ ಮನೆಗಳು ಹೆಚ್ಚುತ್ತಿವೆ, ಕೆಲಸ ಕಲಿತವರಿಗೆ ಒಳ್ಳೆಯ ದಾರಿ ಇದು. ಆದರೆ ಅಂಗಡಿಯ ಬ್ಯಾಗುಗಳು ಹೆಚ್ಚಿನವು ಎತ್ತರದ ಗಂಡಸಿನ ಬೆನ್ನಿನ ಅಳತೆಯವು. ಗಿಡ್ಡ ಮೈಯವರಿಗೆ ಸೊಂಟದ ಪಟ್ಟಿ ತೊಡೆಗೆ ಬರುತ್ತದೆ. ಬುರ್ಖಾದ ನಯವಾದ ಬಟ್ಟೆಯ ಮೇಲೆ ಭುಜದ ಪಟ್ಟಿ ಜಾರುತ್ತಲೇ ಇರುತ್ತದೆ. ಎದೆಗೆ ಅಡ್ಡ ಕಟ್ಟುವ ಸಣ್ಣ ಪಟ್ಟಿ, ಅದೂ ಮೇಲೆ ಕೆಳಗೆ ಸರಿಸಲು ಬರುವಂಥದ್ದು ಇದ್ದರೆ ಜಾರುವುದು ನಿಲ್ಲುತ್ತದೆ. ಇದನ್ನು ಆನ್‌ಲೈನ್ ಚಿತ್ರ ನೋಡಿ ತಿಳಿಯಲು ಆಗುವುದಿಲ್ಲ. ಅಂಗಡಿಗೆ ಹೋಗಿ, ನಿಮ್ಮದೇ ಕ್ಯಾಮರಾ, ಲ್ಯಾಪ್‌ಟಾಪ್ ತುಂಬಿಸಿ, ಹೊತ್ತು ಹತ್ತು ನಿಮಿಷ ನಡೆದು ನೋಡಬೇಕು. ಅಂಗಡಿಯವ ಮುಖ ಸೊಟ್ಟ ಮಾಡಿದರೆ ಮಾಡಲಿ.

ಲ್ಯಾಪ್‌ಟಾಪ್ ತೆಗೆದುಕೊಂಡೇ ಹೋಗಿ ಎನ್ನಲು ಇನ್ನೊಂದು ಕಾರಣ ಉಂಟು. “15.6 ಇಂಚು” ಎನ್ನುವುದು ಪರದೆಯ ಮೂಲೆಯಿಂದ ಮೂಲೆಗೆ ಅಳತೆ, ಯಂತ್ರದ ಅಗಲ ಅಲ್ಲ. ಒಂದೇ ಇಂಚಿನ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಪುಸ್ತಕದಂತೆ ತೆಳ್ಳಗೆ, ಇನ್ನೊಂದು ಹಲಗೆಯಂತೆ ದಪ್ಪ. ಬ್ಯಾಗಿನವರು ಬರೆಯುವ ಇಂಚು ಹೆಚ್ಚಾಗಿ ತೆಳ್ಳಗಿನದನ್ನು ಲೆಕ್ಕ ಹಿಡಿದದ್ದು. ಸ್ಕೇಲು ಹಿಡಿದು ನಿಮ್ಮ ಯಂತ್ರದ ಉದ್ದ, ಅಗಲ, ದಪ್ಪ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಅರೆಯ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲೆಯೇ ನಿಂತಿರಬೇಕು. ಇಲ್ಲದಿದ್ದರೆ ಬ್ಯಾಗನ್ನು ನೆಲಕ್ಕೆ ಇಟ್ಟಾಗಲೆಲ್ಲ ಲ್ಯಾಪ್‌ಟಾಪಿನ ಮೂಲೆಗೆ ಏಟು.

ಬಾಯಿ ಎಲ್ಲಿ ತೆರೆಯಬೇಕು ಎನ್ನುವುದರಲ್ಲಿ ಅಭಿಪ್ರಾಯ ಬೇರೆ ಬೇರೆ. ಬದಿಯಲ್ಲಿ ತೆರೆಯುವುದು ಮದುವೆ ಗಡಿಬಿಡಿಗೆ ಅನುಕೂಲ. ನಮಗೆ ಬೆನ್ನಿನ ಕಡೆಯಿಂದ ತೆರೆಯುವುದು ಇಷ್ಟ. ಬಸ್ಸಿನಲ್ಲಿ ಹಿಂದೆ ನಿಂತವರು ಜಿಪ್ಪು ಎಳೆಯಲಾರರು, ಕೆಸರಿನ ಅಂಗಳದಲ್ಲಿ ಇಟ್ಟಾಗ ಮುಂಭಾಗ ಕೆಳಗಾಗಿ, ನಿಮ್ಮ ಬೆನ್ನಿಗೆ ತಾಗುವ ಭಾಗ ಚೊಕ್ಕವಾಗಿ ಉಳಿಯುತ್ತದೆ. ಆದರೆ ಆ ಬಗೆಯದಕ್ಕೆ ಬೆನ್ನಿನ ಕಡೆ ಉದ್ದ ಜಿಪ್ಪು ಇರುತ್ತದೆ, ಮಳೆನೀರಿಗೆ ಅದೂ ಒಂದು ದಾರಿ. ಪೊಂಚೋ ಮರೆಯಬೇಡಿ ಎಂದು ಮತ್ತೆ ಹೇಳುತ್ತೇವೆ.

ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಇಲ್ಲಿಂದಲೇ ಹಾರುವವರಿಗೆ ಒಂದು ಮಾತು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋ ಮಿತಿ. ಮೇಲಿನ ಲೆಕ್ಕ ನೋಡಿದರೆ ಅದು ಸಾಲುವುದಿಲ್ಲ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಲಗೇಜಿಗೆ ಹಾಕುವ ಹಾಗಿಲ್ಲ, ಕೈಯಲ್ಲೇ ಇರಬೇಕು. ಚಾರ್ಜರ್, ಸ್ಟ್ಯಾಂಡು ಲಗೇಜಿಗೆ ಹೋಗಲಿ.

ದುಡ್ಡು ಇಲ್ಲದವರು ಏನು ಮಾಡಬೇಕು? ಕ್ಯಾಮರಾ ಬ್ಯಾಗೇ ಬೇಕೆಂದಿಲ್ಲ. ಒಳಗೆ ಇಡುವ ಮೆತ್ತನೆಯ ಪೆಟ್ಟಿಗೆ, ಕ್ಯಾಮರಾ ಇನ್ಸರ್ಟ್ ಎನ್ನುತ್ತಾರೆ, ಬೇರೆಯಾಗಿ ಸಿಗುತ್ತದೆ. ಒಳ್ಳೆಯ ಪಟ್ಟಿಯ ಟ್ರೆಕ್ಕಿಂಗ್ ಬ್ಯಾಗು ಮನೆಯಲ್ಲಿದ್ದರೆ ಅದರೊಳಗೆ ಇದನ್ನಿಟ್ಟು, ಲ್ಯಾಪ್‌ಟಾಪನ್ನು ಅದರದ್ದೇ ಕವಚದಲ್ಲಿ ಹಾಕಿದರೆ ಕೆಲಸ ನಡೆಯುತ್ತದೆ. ನೋಡಿದವರಿಗೆ ಕ್ಯಾಮರಾ ಬ್ಯಾಗು ಎಂದು ಗೊತ್ತೂ ಆಗುವುದಿಲ್ಲ. ಬಸ್ಸಿನ ಪ್ರಯಾಣಕ್ಕೆ ಅದೇ ಕ್ಷೇಮ.

ಎಷ್ಟು ದುಬಾರಿ ಬ್ಯಾಗಾದರೂ ಅದು ಹೊರಲು, ಇಡಲು ಅಲ್ಲ. ಇದನ್ನು ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಬರೆದು ಹಾಕಬೇಕು. ಜುಲೈಯಲ್ಲಿ ಒದ್ದೆ ಸ್ಪಂಜಿನ ಬ್ಯಾಗಿನಲ್ಲಿ ಕ್ಯಾಮರಾ ಹಾಗೇ ಬಿಟ್ಟರೆ ಲೆನ್ಸಿನೊಳಗೆ ಬೂಸಲು, ಜೇಡರ ಬಲೆಯಂಥ ಗೆರೆಗಳು. ಬೂಸಲು ಗಾಜಿನ ಲೇಪವನ್ನೇ ತಿಂದರೆ ತೊಳೆದರೂ ಕಲೆ ಹೋಗದು. ಬಂದ ರಾತ್ರಿಯೇ ಎಲ್ಲ ಹೊರಗೆ ತೆಗೆದು ಒರೆಸಿ, ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಒಳಗಿಟ್ಟರೆ ಒಳ್ಳೆಯದು, ನಲವತ್ತರಿಂದ ಐವತ್ತು ಶೇಕಡಾ ಇರಲಿ. ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಖಾಲಿ ಬ್ಯಾಗನ್ನು ಬಾಯಿ ತೆರೆದು ಫ್ಯಾನಿನ ಕೆಳಗೆ ನೇತು ಹಾಕಿ.

ಆ ಎಂಟು ಸಾವಿರದ ಚೀಲ ಕೊನೆಗೆ ಬಂತು. ಆದರೆ ಉಮ್ಮ ಅದನ್ನು ಸುಮ್ಮನೆ ಒಪ್ಪಲಿಲ್ಲ. ಲ್ಯಾಪ್‌ಟಾಪಿನ ಅರೆಗೂ ಒಳಗಿನ ಪೆಟ್ಟಿಗೆಗೂ ಹಳೆಯ ಪೇಪರ್ ತುಂಬಿಸಿ, ರೈನ್ ಕವರ್ ಹಾಕಿಸಿ, ಮಗನ ಬೆನ್ನಿಗೆ ಏರಿಸಿ, ಅಂಗಳದಲ್ಲಿ ನಿಲ್ಲಿಸಿ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟರು. ನೆರೆಮನೆಯವರು ಕಿಟಕಿಯಿಂದ ನೋಡಿ ನಕ್ಕರು. ಬಿಚ್ಚಿ ನೋಡಿದರೆ ಪೆಟ್ಟಿಗೆಯ ಪೇಪರ್ ಗರಿಗರಿ. ಲ್ಯಾಪ್‌ಟಾಪಿನ ಅರೆಯಲ್ಲಿ ಮಾತ್ರ ಕೆಳಗಿನ ಅಂಚು ಒಂದು ಬೆರಳಿನಷ್ಟು ಒದ್ದೆ. ಉಮ್ಮ ಏನೂ ಮಾತಾಡದೆ ಒಳಗೆ ಹೋಗಿ, ಗಲ್ಫಿನಿಂದ ಕಂಬಳಿ ಬಂದಿದ್ದ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕಪಾಟಿನಿಂದ ತಂದು, ಲ್ಯಾಪ್‌ಟಾಪಿನ ಅಳತೆಗೆ ಕತ್ತರಿಸಲು ಕೂತರು.