ಹೊಗೆಗೊಂದು ದಾರಿ, ಗಾಳಿಗೊಂದು ದಾರಿ

ಮಳೆಗಾಲದಲ್ಲಿ ಗಾಜನೂರಿನಂಥ ತುಂಗಾತೀರದ ಊರುಗಳಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿಯೇ ಇಡುವುದು ವಾಡಿಕೆ. ಒಳಗೆ ಬಚ್ಚಲ ಹಂಡೆಯ ಒಲೆ ಉರಿಯುತ್ತಿರುತ್ತದೆ. ಅಡಿಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನು ತಿರುಗುತ್ತಿರುತ್ತದೆ. ಹಂಡೆಯೊಲೆಗೆ ಹೇಗೂ ಹೊಗೆಕೊಳವೆಯಿದೆಯಲ್ಲ, ಫ್ಯಾನಿನ ಕೊಳವೆಯನ್ನೂ ಅದಕ್ಕೇ ಕೂಡಿಸಿದರೆ ಗೋಡೆಗೆ ಇನ್ನೊಂದು ತೂತು ಕೊರೆಯುವುದು ತಪ್ಪೀತೆಂದು ನಿಮಗೆ ತೋರಬಹುದು. ಹಾಗೆ ಮಾಡಲಾಗದು. ಏಕೆಂಬುದನ್ನು ನೋಡೋಣ.

ಬಿಸಿ ಹೊಗೆ ಹಗುರ. ಆದ್ದರಿಂದ ತಾನಾಗಿ ಮೇಲೇರುತ್ತದೆ. ಈ ಸೆಳೆತ ಬಹು ಮೃದು. ಫ್ಯಾನಿನ ಒತ್ತಡವಾದರೋ ಬಲವಾದದ್ದು. ಎರಡೂ ಒಂದೇ ಕೊಳವೆಯಲ್ಲಿ ಸೇರಿದರೆ ಹೊಗೆ ಒಲೆಯ ಬಾಯಿಂದ ಹಿಂದಿರುಗೀತು. ಫ್ಯಾನು ನಿಂತಾಗ ಅಡಿಗೆಮನೆಗೆ ನುಗ್ಗೀತು. ಹೊಗೆಯೊಡನೆ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಸ್ನಾನಮಾಡುವವರಿಗೆ ಇದು ಪ್ರಾಣಾಪಾಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಒಲೆಗೂ ಹೊಗೆಗೆಂದೇ ಕೊಳವೆಯುಂಟು.

ಆದ್ದರಿಂದ ಫ್ಯಾನಿಗೆ ಬೇರೆ ದಾರಿ ಮಾಡಿಸಿ. ಹೊರಹೋಗುವಷ್ಟು ಗಾಳಿ ಒಳಬರಲೂ ಬೇಕು, ಗವಾಕ್ಷಿಯೊಂದನ್ನು ತೆರೆದಿಡಿ. ಒಲೆ ಹೊತ್ತಿಕೊಂಡು ಫ್ಯಾನು ತಿರುಗುತ್ತಿರುವಾಗ ಒಲೆಯ ಬಾಯಿಯ ಬಳಿ ಊದುಬತ್ತಿ ಹಿಡಿದು ನೋಡಿ. ಅದರ ಹೊಗೆಯೆಳೆ ಒಲೆಯೊಳಕ್ಕೆ ಹೊರಟರೆ ಸರಿ; ನಿಮ್ಮತ್ತ ತಿರುಗಿದರೆ ಕೂಡಲೇ ಫ್ಯಾನು ನಿಲ್ಲಿಸಿ, ಕಿಟಕಿ ತೆರೆಯಿರಿ.