ಕಾರ್ಖಾನೆಯ ಮಣ್ಣು, ಕೈಯ ನೆನಪು: ನೀಲ್ ಬ್ರೌನ್ಸ್‌ವರ್ಡ್ ಅವರ ಸೆರಾಮಿಕ್ ಶಿಲ್ಪಗಳು

ಜಾನಪದ ಅಧ್ಯಯನವು ಕಾರ್ಖಾನೆಯನ್ನು ಬಹುಮಟ್ಟಿಗೆ ಕರಕುಶಲ ಪರಂಪರೆಯ ವೈರಿಯೆಂದೇ ಪರಿಗಣಿಸುತ್ತ ಬಂದಿದೆ. ಆದರೆ ಕಾರ್ಖಾನೆಯ ಒಳಗೂ ತಲೆಮಾರುಗಳಿಂದ ಕೈಯಿಂದ ಕೈಗೆ ಸಾಗಿಬಂದ ಅರಿವೊಂದು ಇರುತ್ತದೆ. ಕಾರ್ಖಾನೆ ಮುಚ್ಚಿದಾಗ ಆ ಅರಿವಿನ ಗತಿಯೇನು? ಇಂಗ್ಲೆಂಡಿನ ಸೆರಾಮಿಕ್ ಶಿಲ್ಪಿ ನೀಲ್ ಬ್ರೌನ್ಸ್‌ವರ್ಡ್ ಅವರ ಕೃತಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಬ್ರೌನ್ಸ್‌ವರ್ಡ್ 1970ರಲ್ಲಿ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಜನಿಸಿದರು. ಜೇಡಿಮಣ್ಣು, ಕಲ್ಲಿದ್ದಲು ಎರಡೂ ಒಂದೆಡೆ ದೊರೆತುದರಿಂದ ಹದಿನೆಂಟನೆಯ ಶತಮಾನದಲ್ಲಿ ಈ ಪ್ರದೇಶವು ಪಿಂಗಾಣಿ ಉದ್ಯಮದ ಕೇಂದ್ರವಾಗಿ ಬೆಳೆಯಿತು. ಅದಕ್ಕೆ ನೆಲವೂ ಗಾಳಿಯೂ ಬೆಲೆ ತೆತ್ತವು. ಮಣ್ಣು ತೆಗೆದ ಕುಳಿಗಳು, ಒಡೆದ ಪಾತ್ರೆಗಳ ರಾಶಿಗಳು ಊರಿನ ಭಾಗವೇ ಆದವು. ಸೀಸೆಯಾಕಾರದ ಆವಿಗೆಗಳ ಹೊಗೆಗೆ ಕೊನೆ ಬಂದದ್ದು 1956ರ ಶುದ್ಧ ಗಾಳಿ ಕಾಯಿದೆಯ ನಂತರ. ಮುಂದೆ ಉತ್ಪಾದನೆ ಪೂರ್ವ ಏಷ್ಯಕ್ಕೆ ಸರಿಯಿತು. 1770ರಲ್ಲಿ ಸ್ಥಾಪಿತವಾದ ಸ್ಪೋಡ್ ಕಾರ್ಖಾನೆಯೂ 2008ರಲ್ಲಿ ಮುಚ್ಚಿತು.

ಈ ಶಿಲ್ಪಿ ಉದ್ಯಮವನ್ನು ಹೊರಗಿನಿಂದ ಕಂಡವರಲ್ಲ. ಹದಿಹರೆಯದಲ್ಲೇ ವೆಜ್‌ವುಡ್ ಕಾರ್ಖಾನೆಯಲ್ಲಿ ಮಾದರಿ ರೂಪಿಸುವ ಕೆಲಸ ಕಲಿತವರು. 2006ರಲ್ಲಿ ಡಾಕ್ಟರೇಟ್ ಪಡೆದವರು. ಅವರ ಆರಂಭದ ಕೃತಿಗಳಿಗೆ ಸಾಮಗ್ರಿಯಾದದ್ದು ಕಾರ್ಖಾನೆಯ ಕಸ: ಹೆರೆದು ಬಿಸುಟ ಮಣ್ಣಿನ ಸುರುಳಿ, ಆವಿಗೆಯ ಆಧಾರದ ತುಂಡು, ಮುರಿದ ಅಚ್ಚು. ಸಿದ್ಧವಸ್ತು ಮರೆಮಾಚುವ ಕೈಯ ಗುರುತು ಕಸದಲ್ಲಿ ಉಳಿದಿರುತ್ತದೆ ಎಂಬುದು ಇಲ್ಲಿಯ ಒಳನೋಟ. 2009ರ ‘ಮಾರ್ಲ್ ಹೋಲ್’ ಯೋಜನೆಯಲ್ಲಿ ಅವರು ಇತರ ಮೂವರು ಕಲಾವಿದರೊಡನೆ ಇಟ್ಟಿಗೆ ಉದ್ಯಮದ ಮಣ್ಣಿನ ಕುಳಿಗೇ ಇಳಿದು ಕೆಲಸ ಮಾಡಿದರು. ಅಲ್ಲಿ ಅಗೆದ ನೆಲವೇ ಶಿಲ್ಪದ ಕ್ಷೇತ್ರವಾಯಿತು.

ಮುಂದಿನ ಹಂತದಲ್ಲಿ ಅವರ ಗಮನ ವಸ್ತುವಿನಿಂದ ವ್ಯಕ್ತಿಯತ್ತ ಹೊರಳಿತು. 2013ರ ‘ನ್ಯಾಷನಲ್ ಟ್ರೆಷರ್’ ಕೃತಿಯಲ್ಲಿ ಪಿಂಗಾಣಿ ಚಿತ್ರಕಾರ ಆಂಥೋನಿ ಚಾಲಿನರ್ ಅವರು ಸ್ಪೋಡ್ ನಿವೇಶನದಲ್ಲಿ ಬಿದ್ದಿದ್ದ ತಟ್ಟೆಗಳ ಹಿಂಬದಿಯ ಮೇಲೆ ಪ್ರೇಕ್ಷಕರೆದುರೇ ಚಿತ್ರ ಬರೆದರು. 2017ರಲ್ಲಿ ದಕ್ಷಿಣ ಕೊರಿಯದಲ್ಲಿ ನಡೆದ ‘ಫ್ಯಾಕ್ಟರಿ’ ಪ್ರದರ್ಶನದಲ್ಲಿ ರೀಟಾ ಫ್ಲಾಯ್ಡ್ ಅವರು ಪಿಂಗಾಣಿ ಹೂಗಳನ್ನು ಒಂದೊಂದಾಗಿ ಕೈಯಲ್ಲೇ ರೂಪಿಸಿ ಅಲ್ಲೇ ಬಿಸಾಡುತ್ತಿದ್ದರು. ಸಮಾಜವೇ ಕೈಬಿಟ್ಟ ಕೌಶಲಕ್ಕೆ ಆ ರಾಶಿ ಸಾಕ್ಷಿಯಾಯಿತು.

ಆಯ್ದ ಸ್ಥಳವೂ ಅರ್ಥಪೂರ್ಣ. ಕೊರಿಯವು 1962ರ ಕಾಯಿದೆಯಿಂದಲೇ ಅಮೂರ್ತ ಪರಂಪರೆಗೆ ರಕ್ಷಣೆ ನೀಡಿದೆ. ಈ ಕುರಿತ ಯುನೆಸ್ಕೋದ 2003ರ ಒಡಂಬಡಿಕೆಯನ್ನು ಬ್ರಿಟನ್ ಅನುಮೋದಿಸಿದ್ದು 2024ರಲ್ಲಿ.

ಭೌತಿಕ ಸಂಸ್ಕೃತಿಯ ಅಧ್ಯಯನವು ಪೂರ್ಣಗೊಂಡ ವಸ್ತುಗಳನ್ನು ಸಂಗ್ರಹಿಸುವುದಕ್ಕೇ ನಿಂತರೆ ಸಾಲದು. ವಸ್ತುಸಂಗ್ರಹಾಲಯವು ಹೂವನ್ನು ಕಾಪಾಡಬಲ್ಲದು. ಅದನ್ನು ಅರಳಿಸಿದ ಬೆರಳಿನ ಚಲನೆಯನ್ನು ಕಾಪಾಡಬಲ್ಲದ್ದು ಕಲಿಯುವ ಇನ್ನೊಂದು ಕೈ ಮಾತ್ರ. ಬಿಸುಟ ಚೂರನ್ನೂ ಕಾರ್ಮಿಕನ ಕೈಯನ್ನೂ ಅಗೆದ ನೆಲವನ್ನೂ ಒಂದೇ ದಾಖಲೆಯಾಗಿ ಓದುವ ಕ್ರಮವನ್ನು ಈ ಶಿಲ್ಪಿಯಿಂದ ನಮ್ಮ ಕ್ಷೇತ್ರಕಾರ್ಯವೂ ಕಲಿಯಬೇಕಾಗಿದೆ.