ಪೋಟಗಿಗಾಗಿ ಗಂಡನ ಹಿಂದೆ ಹೋಗಲೇಬೇಕೆ?

ಸಲಗರ ಬುದ್ರುಕ: ಗಂಡನ ಮನೆ ಬಿಟ್ಟು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಹೆಣ್ಣುಮಗಳಿಗೆ ನಮ್ಮ ಅಕ್ಕಲಕೋಟ ಭಾಗದಲ್ಲಿ ಎಲ್ಲರೂ ಕೇಳುವ ಮಾತು ಒಂದೇ. "ಅಂವಾ ಬಿಟ್ಟಾನೋ, ನೀನ ಬಿಟ್ಟ ಬಂದೀಯೋ?" ಓಣಿಯವರು ಕೇಳಿದರೆ ಉತ್ತರ ಕೊಡದೆ ಇರಬಹುದು. ಕಚೇರಿಯಲ್ಲಿ ಅದೇ ಪ್ರಶ್ನೆ ಕಾಗದದ ರೂಪದಲ್ಲಿ ಬರುತ್ತದೆ. ಗಂಡನ ಆಧಾರ್ ಎಲ್ಲಿ? ಕೋರ್ಟಿನ ಆದೇಶ ಎಲ್ಲಿ? ಹೊಡೆತ ತಾಳಲಾರದೆ ಬಂದವಳು ಈ ಕಾಗದಕ್ಕಾಗಿ ಮತ್ತೆ ಅವನ ಬಾಗಿಲಿಗೇ ಹೋಗಬೇಕೆ?

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ಅಮೆರಿಕದಲ್ಲಿ ಸರಕಾರದ ನೆರವಿನಲ್ಲಿ ಮಕ್ಕಳನ್ನು ಸಾಕುವ ತಾಯಿ, ಮಕ್ಕಳ ತಂದೆ ಯಾರು, ಎಲ್ಲಿದ್ದಾನೆ ಎಂದು ತಿಳಿಸಿ ಅವನಿಂದ ಜೀವನಾಂಶ ವಸೂಲಿಗೆ ಸಹಕರಿಸಬೇಕು. ಒಪ್ಪದಿದ್ದರೆ ನೆರವಿನಲ್ಲಿ ಕನಿಷ್ಠ ಶೇಕಡಾ 25 ಕಡಿತ. ಆದರೆ ತಾಯಿಗೋ ಮಗುವಿಗೋ ಅಪಾಯವಿದ್ದರೆ, ಮಗು ಅತ್ಯಾಚಾರದಿಂದ ಹುಟ್ಟಿದ್ದರೆ, "ಯೋಗ್ಯ ಕಾರಣ" ಎಂದು ವಿನಾಯಿತಿ ಉಂಟು. ನಮ್ಮ ಸರಕಾರ ಕೊಟ್ಟ ಮಾಸಾಶನವನ್ನು ಗಂಡನಿಂದ ವಸೂಲಿ ಮಾಡಿಕೊಳ್ಳುವುದಿಲ್ಲ, ಹಾಗಾಗಿ ಇಲ್ಲಿ ಅಂಥ ನಿಯಮವೇ ಇಲ್ಲ. ನಿಯಮವಿಲ್ಲದ ಕಾರಣ ವಿನಾಯಿತಿಯನ್ನೂ ಯಾರೂ ಬರೆದಿಡಲಿಲ್ಲ. ಗಂಡ ಮಾತ್ರ ಅರ್ಜಿಯ ಕಾಗದಗಳಲ್ಲಿ ಸುಮ್ಮನೆ ಹೊಕ್ಕುಬಿಟ್ಟಿದ್ದಾನೆ.

ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯನ್ನೇ ನೋಡಿ. 65 ವರ್ಷದೊಳಗಿನವರಿಗೆ ಇರುವ ಈ ಯೋಜನೆಯ ಪಟ್ಟಿಯಲ್ಲಿ ನಿರಾಧಾರ ಮಹಿಳೆ ಇದ್ದಾಳೆ, ವಿಧವೆ ಇದ್ದಾಳೆ, ಘಟಸ್ಫೋಟದ ಪ್ರಕ್ರಿಯೆಯಲ್ಲಿರುವವಳು, ಘಟಸ್ಫೋಟವಾಗಿಯೂ ಪೋಟಗಿ ಸಿಗದವಳು ಅಥವಾ ಯೋಜನೆಯ ಆದಾಯ ಮಿತಿಗಿಂತ ಕಡಿಮೆ ಪೋಟಗಿ ಪಡೆಯುವವಳು, ಅತ್ಯಾಚಾರಕ್ಕೊಳಗಾದವಳು ಸಹ ಇದ್ದಾರೆ. 2023ರಲ್ಲಿ ತಿಂಗಳ ಮೊತ್ತ 1,000ದಿಂದ 1,500 ರೂಪಾಯಿಗೆ ಏರಿತು. ಆದರೆ ಕುಟುಂಬದ ವಾರ್ಷಿಕ ಆದಾಯದ ಮಿತಿ 21,000 ರೂಪಾಯಿ, ಅಂದರೆ ತಿಂಗಳಿಗೆ 1,750. ತೊಗರಿ ಕೀಳಲು ಕೂಲಿಗೆ ಹೋಗುವವಳೂ ಈ ಗೆರೆ ದಾಟಿಯಾಳು!

ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, "ಪೋಟಗಿ ಸಿಗದ" ಎಂಬ ಮಾತು. ಆದೇಶ ಆಗಿದೆ ಎಂದ ಮಾತ್ರಕ್ಕೆ ಹಣ ಸಿಕ್ಕಿತು ಎಂದಲ್ಲ. ಕೋರ್ಟು 3,000 ಎಂದು ಬರೆದು, ಗಂಡ ಒಂದು ಪೈಸೆ ಕೊಡದಿದ್ದರೆ ಆಕೆ ಪೋಟಗಿ ಸಿಗದವಳೇ. ಅರ್ಜಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಸಬೇಕು. ಇನ್ನು ಕೋರ್ಟು ಮೆಟ್ಟಿಲು ಹತ್ತದೆ, ಘಟಸ್ಫೋಟವೂ ಇಲ್ಲದೆ ತವರಿನಲ್ಲಿ ಕೂತವಳಿಗೆ "ನಿರಾಧಾರ ಮಹಿಳೆ" ಎಂಬ ಒಂದೇ ದಾರಿ. ಅಲ್ಲಿ ತಲಾಠಿ, ಗ್ರಾಮಸೇವಕರ ದಾಖಲೆಗಳ ಮೇಲೆಯೇ ಬಹಳಷ್ಟು ನಿಂತಿರುತ್ತದೆ.

ಲಾಡಕಿ ಬಹೀಣ ಯೋಜನೆ 2024ರ ಜುಲೈನಲ್ಲಿ ಬಂದಾಗ ಗಂಡ ಬಿಟ್ಟವರನ್ನೂ ಅದರಲ್ಲಿ ಸೇರಿಸಿದ್ದರು, ಒಳ್ಳೆಯದೇ. ಆದರೆ ಕರ್ನಾಟಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು ರಹಿವಾಸಿ ಪುರಾವೆಗೆ ಗಂಡನ ಜನ್ಮ ದಾಖಲೆ ಅಥವಾ ಶಾಲೆ ಬಿಟ್ಟ ದಾಖಲೆ ತರಬಹುದೆಂದರು. ಆಳಂದ, ಅಫಜಲಪುರ, ಇಂಡಿ ಕಡೆಯಿಂದ ಹೆಣ್ಣು ತರುವ ನಮ್ಮೂರುಗಳಿಗೆ ಇದು ಅನುಕೂಲವೇ, ಸಂಸಾರ ನೆಟ್ಟಗಿದ್ದರೆ. ಕೆಟ್ಟರೆ ಕಾಗದ ಅವನ ಪೆಟ್ಟಿಗೆಯಲ್ಲಿ. 2025ರ ಸೆಪ್ಟೆಂಬರಿನಲ್ಲಿ ಇ-ಕೆವೈಸಿಗೆ ಗಂಡನ ಅಥವಾ ತಂದೆಯ ಆಧಾರ್ ಕೇಳಿದಾಗ ತೊಡಕು ಇನ್ನೂ ಬಿಗಿಯಾಯಿತು. ಗಂಡ ಅಥವಾ ತಂದೆ ತೀರಿಕೊಂಡವರು, ಘಟಸ್ಫೋಟ ಆದವರು ತಮ್ಮದಷ್ಟೇ ಕೆವೈಸಿ ಮಾಡಿ, ಮರಣ ದಾಖಲೆ ಅಥವಾ ಕೋರ್ಟಿನ ಆದೇಶವನ್ನು ಅಂಗನವಾಡಿ ಸೇವಿಕೆಗೆ ಕೊಡಲಿ ಎಂದು ಸರಕಾರ ಆಮೇಲೆ ದಾರಿ ಮಾಡಿತು. ಗಂಡ ಬದುಕಿದ್ದು, ಕೋರ್ಟಿಗೂ ಹೋಗದವಳ ಕೈಯಲ್ಲಿ ಈ ಎರಡರಲ್ಲಿ ಯಾವ ಕಾಗದವೂ ಇರುವುದಿಲ್ಲ.

ಮಾಸಾಶನದ ನಿಯಮದಲ್ಲಿ ಇಲ್ಲದ "ಯೋಗ್ಯ ಕಾರಣ" ನಮ್ಮಲ್ಲಿ ಜೀವನಾಂಶದ ಕಾನೂನಿನಲ್ಲಿದೆ. ಹಳೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಾಕಷ್ಟು ಕಾರಣವಿಲ್ಲದೆ ಗಂಡನೊಂದಿಗೆ ಬಾಳಲು ಒಪ್ಪದವಳಿಗೆ ಜೀವನಾಂಶವಿಲ್ಲ ಎನ್ನುತ್ತದೆ ಅದು. "ಬಂದು ಬಾಳಲಿ, ಸಾಕ್ತೀನಿ" ಎಂದು ಕೋರ್ಟಿನಲ್ಲಿ ಹೇಳುವ ಗಂಡಂದಿರ ಆಟ ಇಲ್ಲಿಂದಲೇ. ಆದರೆ ಅವನು ಮತ್ತೊಂದು ಮದುವೆಯಾಗಿದ್ದರೆ, ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಅದು ನ್ಯಾಯವಾದ ಕಾರಣ ಎಂದು ಕಾನೂನೇ ಬರೆದಿದೆ. ಹೊಡೆತ ಬಡಿತ, ಕ್ರೌರ್ಯವನ್ನೂ ಕೋರ್ಟುಗಳು ಕಾರಣವೆಂದು ಒಪ್ಪುತ್ತ ಬಂದಿವೆ.

ಜಾರ್ಖಂಡದ ಪ್ರಕರಣವೊಂದರಲ್ಲಿ ಹೆಂಡತಿ ಮರಳಿ ಬರಬೇಕೆಂದು ಗಂಡ ಕೋರ್ಟಿನಿಂದ ತೀರ್ಪನ್ನೇ ತಂದಿದ್ದ. ಆಕೆ ಹೋಗಲಿಲ್ಲ. ಆ ಮನೆಯಲ್ಲಿ ಶೌಚಾಲಯ ಬಳಸಲು ಬಿಡುತ್ತಿರಲಿಲ್ಲ ಎಂಬುದು ಆಕೆಯ ದೂರುಗಳಲ್ಲೊಂದು. ಅಂಥ ತೀರ್ಪು ಇದ್ದರೂ, ಹೋಗದಿರಲು ಸಾಕಷ್ಟು ಕಾರಣವಿದ್ದರೆ ಜೀವನಾಂಶ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿ 10ರಂದು ಹೇಳಿತು. ತಿಂಗಳಿಗೆ 10,000 ರೂಪಾಯಿಯ ಆದೇಶ ಮತ್ತೆ ಜಾರಿಗೆ ಬಂತು. ಇನ್ನು, ತಾಯಿಯ ಅರ್ಜಿ ಬಿದ್ದುಹೋದರೂ ಮಕ್ಕಳ ಹಕ್ಕು ಬೀಳುವುದಿಲ್ಲ. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಗಂಡನ ಮನೆ ಗಡಿಯಾಚೆ ಇದೆ ಎಂದು ಅಲ್ಲಿಗೇ ಹೋಗಿ ಕೇಸು ಹಾಕಬೇಕಿಲ್ಲ. ಹೆಂಡತಿ ಈಗ ವಾಸವಿರುವ ಜಿಲ್ಲೆಯಲ್ಲೇ 144ರ ಅರ್ಜಿ ಕೊಡಬಹುದು. 2005ರ ಕೌಟುಂಬಿಕ ಹಿಂಸೆ ಕಾನೂನಿನಲ್ಲಿ ತಾತ್ಕಾಲಿಕವಾಗಿ ಇರುವ ಊರೂ ಸಾಕು. ಅದರಲ್ಲಿ ಹಣದ ಜೊತೆಗೆ, ಅವನು ಹತ್ತಿರ ಸುಳಿಯದಂತೆ ರಕ್ಷಣಾ ಆದೇಶವನ್ನೂ ಕೇಳಬಹುದು. ಪೋಟಗಿ ಕೇಳಿದರೆ ಬಂದು ಹೊಡೆದಾನೆಂಬ ಅಂಜಿಕೆ ಇದ್ದವರು ಮೊದಲು ಈ ಕಾನೂನಿನ ಕಡೆ ನೋಡುವುದು ಮೇಲು. ವಕೀಲರ ಫೀ ಚಿಂತೆ ಬೇಡ; ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಫೋನ್ 15100. ತುರ್ತು ಇದ್ದರೆ 181.

ಆದೇಶವಾದ ಮೇಲೆ ಗಂಡ ಆಳಂದದಲ್ಲಿರಲಿ, ಪುಣೆಯಲ್ಲಿರಲಿ, ಅವನಿರುವ ಊರಿನ ಕೋರ್ಟಿನಿಂದ ಅದನ್ನು ಜಾರಿ ಮಾಡಿಸಬಹುದು. ಕೊಡದಿದ್ದರೆ ಜೈಲು ಸಹ ಉಂಟು. ಆದರೆ ಬಾಕಿ ಬಿದ್ದ ಹಣದ ವಸೂಲಿಗೆ ಅದು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಈ ಸುಗ್ಗಿ ಮುಗೀಲಿ, ಮುಂದಿನ ಜಾತ್ರೆ ಆಗಲಿ ಎಂದು ಹಿರಿಯರ ಪಂಚಾಯಿತಿಯಲ್ಲಿ ಕಾಯುತ್ತ ಕೂತರೆ ಆ ತಿಂಗಳುಗಳ ಹಣ ಕೈಬಿಟ್ಟುಹೋಗುತ್ತದೆ.